ಹಿಮದ ಹಾದಿಯಲ್ಲಿ ಇಪ್ಪತ್ತೊಂದು ನಿಮಿಷ

ಕೆಂಭಾವಿಯಲ್ಲಿ ಕುಳಿತು ಹಿಮದ ಮಾತನ್ನಾಡುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ಸುರಪುರ ಸೀಮೆಯ ಈ ಊರಿನಲ್ಲಿ ಚೈತ್ರ ಕಾಲಿಟ್ಟಿತೆಂದರೆ ಹಗಲು ಹನ್ನೊಂದಕ್ಕೆಲ್ಲ ಬಜಾರು ಬರಿದಾಗುತ್ತದೆ. ಎರೆಹೊಲಗಳು ಬಿರುಕುಬಿಟ್ಟು ಬಾಯ್ದೆರೆದುಕೊಂಡಿರುತ್ತವೆ. ನಮ್ಮ ಬಾಲ್ಯಕ್ಕೆ ಗೊತ್ತಿದ್ದ ಹಿಮ ಒಂದೇ, ಅದರ ಹೆಸರು ಬರ್ಫ. ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿತಟ್ಟಿನಲ್ಲಿ ಸುತ್ತಿ ತಂದ ಆ ಗಡ್ಡೆಯನ್ನು ಶರಬತ್ತಿನ ಗಾಡಿಯವನು ಒಡೆದು ಕೊಡುತ್ತಿದ್ದ. ಅದು ಅಂಗೈಯಲ್ಲಿ ಕರಗುವ ಮೊದಲು ಬಾಯಿಗೆ ಹಾಕಿಕೊಳ್ಳುವುದೇ ನಮ್ಮ ಪಾಲಿಗೆ ಒಂದು ಓಟವಾಗಿತ್ತು.

2025ರಲ್ಲಿ, ಮಳೆಗಾಲ ಇನ್ನೂ ಮುಗಿಯದಿದ್ದ ದಿನಗಳಲ್ಲಿ, ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಎಂಬವರು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದಿದ್ದರು. ನೆರೆಮನೆಯ ಹುಡುಗನೊಬ್ಬ ಆ ಚಿತ್ರದ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದ: “ಸರ, ಈ ಅಕ್ಕಾರು ಬರ್ಫದ ಮ್ಯಾಗ ಓಡ್ಯಾರಂತ. ಜಾರಿ ಬೀಳೂದಿಲ್ಲೇನ್ರೀ?” ಬೀಳದೆ ಜಾರುವುದೇ ಆ ಆಟ ಎಂದು ಹೇಳಿ ಅವನನ್ನು ಕಳಿಸಿಬಿಟ್ಟೆ. ಆದರೆ ಆ ಉತ್ತರ ನನಗೇ ಸಾಕೆನಿಸಲಿಲ್ಲ. ಹಿಮವಿಲ್ಲದ ನಾಡಿನಲ್ಲಿ ಹುಟ್ಟಿದವರೊಬ್ಬರು ಹಿಮದ ಮೇಲೆ ತಮ್ಮ ಬಾಳಿನ ವೃತ್ತಿಯೊಂದನ್ನು ಕಟ್ಟಿಕೊಳ್ಳುವುದೆಂದರೆ ಏನು? ಆ ಕಂಚಿನ ತೂಕ ನಿಜವಾಗಿ ಎಷ್ಟು? ಇಂದು ನನಗೆ ದೊರೆತಿರುವ ಅವಕಾಶದಲ್ಲಿ ಕೇಳುಗರ ಮುಂದೆ ಇದನ್ನಷ್ಟು ಬಿಡಿಸಿ ಇಡಬೇಕೆಂದಿದ್ದೇನೆ.

ಮೊದಲು ಆಟದ ಸ್ವರೂಪ. ಸ್ಕೀ ಎಂಬುದು ಹಳೆಯ ನಾರ್ವೇಜಿಯನ್ ನುಡಿಯ ಮಾತು. ಸೀಳಿದ ಮರದ ತುಂಡು ಎಂದು ಅದರ ಮೂಲಾರ್ಥ. ಯುಗಾದಿಯ ಹೊತ್ತಿಗೆ ಮರಗಾಲು ಕಟ್ಟಿಕೊಂಡು ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರನ್ನು ನಮ್ಮ ಸೀಮೆಯವರು ಕಂಡಿದ್ದಾರೆ. ಅಲ್ಲಿ ಮರ ಮನುಷ್ಯನನ್ನು ನೆಲದಿಂದ ಮೇಲಕ್ಕೆತ್ತುತ್ತದೆ. ಇಲ್ಲಿ ಅದು ಅವನ ಭಾರವನ್ನು ಹಿಮದ ಮೇಲೆ ಉದ್ದಕ್ಕೆ ಹರಡಿ, ಕಾಲು ಹೂತುಹೋಗದಂತೆ ಕಾಯುತ್ತದೆ. ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ ಕೆಸರಿನಡಿ ದೊರೆತ ಒಂದು ಜೊತೆ ಹಲಗೆಗಳಿಗೆ ಸುಮಾರು 5200 ವರ್ಷ ವಯಸ್ಸೆಂದು ಲೆಕ್ಕ ಹಾಕಿದ್ದಾರೆ. ಬೇಟೆಗೆ, ಸೌದೆಗೆ, ನೆರೆಯೂರಿಗೆ ಹೋಗಿಬರುವುದಕ್ಕೆ ಉತ್ತರದ ಜನ ಕಂಡುಕೊಂಡ ಪಾದರಕ್ಷೆ ಇದು. ಪಂದ್ಯವಾದದ್ದು ಬಹಳ ಈಚೆಗೆ.

ಸಿನೆಮಾಗಳಲ್ಲಿ ನಾವು ನೋಡುವ ಸ್ಕೀಯಿಂಗು ಬೇರೆ. ಯಂತ್ರದ ಕುರ್ಚಿಯಲ್ಲಿ ಕುಳಿತು ಬೆಟ್ಟದ ನೆತ್ತಿಗೇರಿ, ಅಲ್ಲಿಂದ ಅಂಕುಡೊಂಕಾಗಿ ಕೆಳಗೆ ಧುಮುಕುವ ಅದಕ್ಕೆ ಆಲ್ಪೈನ್ ಎಂದು ಹೆಸರು. ಅದರಲ್ಲಿ ಪಾದದ ಹಿಂದು ಮುಂದು ಎರಡೂ ಹಲಗೆಗೆ ಬಿಗಿದಿರುತ್ತವೆ. ಕ್ರಾಸ್ ಕಂಟ್ರಿ ಎಂಬುದು ನಾರ್ಡಿಕ್ ಪಂಗಡದ್ದು. ಇಲ್ಲಿ ಬೆರಳಿನ ತುದಿಯಷ್ಟೇ ಹಲಗೆಗೆ ಸಿಕ್ಕಿರುತ್ತದೆ, ಹಿಮ್ಮಡಿ ಸ್ವತಂತ್ರ. ಆದ್ದರಿಂದ ನಡೆಯಬಹುದು, ಓಡಬಹುದು, ಏರಬಹುದು. ಏರಲೇಬೇಕು ಕೂಡ, ಏಕೆಂದರೆ ಒಳ್ಳೆಯ ಪಂದ್ಯದ ಹಾದಿಯಲ್ಲಿ ಏರು, ಇಳಿವು, ಮಟ್ಟಸ ನೆಲ ಮೂರೂ ಹೆಚ್ಚುಕಡಿಮೆ ಸಮಪಾಲಿನಲ್ಲಿ ಇರುತ್ತವೆ. ಆಲ್ಪೈನಿನಲ್ಲಿ ಭೂಮಿಯ ಸೆಳೆತ ಆಟಗಾರನ ಮಿತ್ರ. ಇಲ್ಲಿ ಅದು ಅರ್ಧ ಹಾದಿಗೆ ಸಾಲಗಾರನಂತೆ ಬೆನ್ನು ಹತ್ತಿರುತ್ತದೆ.

ಇದರಲ್ಲಿ ಎರಡು ನಡೆಗಳುಂಟು. ಮೊದಲನೆಯದು ಸಾಂಪ್ರದಾಯಿಕ. ಹಿಮದ ಮೇಲೆ ಯಂತ್ರದಿಂದ ಎರಡು ಸಮಾನಾಂತರ ಗೀರುಗಳನ್ನು ಎಳೆದಿರುತ್ತಾರೆ, ನಮ್ಮ ಹೊಲದ ಹಾದಿಯಲ್ಲಿ ಬಂಡಿಯ ಗಾಲಿಗಳು ಬಿದ್ದು ಬಿದ್ದು ಆದ ಜಾಡಿನ ಹಾಗೆ. ಆ ಜಾಡಿನೊಳಗೆ ಹಲಗೆಗಳನ್ನಿಟ್ಟು, ಒಂದು ಕಾಲಿನಿಂದ ಒದ್ದು ಇನ್ನೊಂದರ ಮೇಲೆ ಜಾರುತ್ತ ಸಾಗಬೇಕು. ಒದೆಯುವಾಗ ಹಲಗೆ ಹಿಮವನ್ನು ಕಚ್ಚಬೇಕು, ಜಾರುವಾಗ ಬಿಟ್ಟುಬಿಡಬೇಕು. ಒಂದೇ ಹಲಗೆ ಈ ಎರಡು ಪರಸ್ಪರ ವಿರುದ್ಧ ಕೆಲಸಗಳನ್ನು ಹೇಗೆ ಮಾಡೀತು?

ಮೃಗಶಿರಾ ಮಳೆ ಬಿದ್ದ ಮಾರನೆಯ ದಿನ ಎರೆಹೊಲದಲ್ಲಿ ನಡೆದವರಿಗೆ ಈ ಪ್ರಶ್ನೆಯ ಕಷ್ಟ ತಾನೇ ಅರ್ಥವಾಗುತ್ತದೆ. ಎರೆ ಕಚ್ಚುತ್ತದೆ, ಆದರೆ ಬಿಡುವುದಿಲ್ಲ. ನಾಲ್ಕು ಹೆಜ್ಜೆಗೆ ಒಂದೊಂದು ಕಾಲಿಗೆ ಸೇರುಗಟ್ಟಲೆ ಮಣ್ಣು ಹತ್ತಿಕೊಳ್ಳುತ್ತದೆ. ಹಿಮವೂ ಹಾಗೆ ಮೆತ್ತಿಕೊಂಡರೆ ಪಂದ್ಯ ಮುಗಿದಂತೆಯೇ. ಇದಕ್ಕೆ ಅವರು ಮಾಡಿಕೊಂಡ ಉಪಾಯ ಬಹಳ ಚೆಂದದ್ದು. ಹಲಗೆಯನ್ನು ಬಿಲ್ಲಿನಂತೆ ನಡುವೆ ತುಸು ಮೇಲೆದ್ದಿರುವ ಹಾಗೆ ಮಾಡಿರುತ್ತಾರೆ. ಭಾರ ಎರಡೂ ಕಾಲುಗಳ ಮೇಲೆ ಹಂಚಿದ್ದಾಗ ಹಲಗೆಯ ಎರಡು ತುದಿಗಳು ಮಾತ್ರ ಹಿಮಕ್ಕೆ ತಾಗುತ್ತವೆ. ಅಲ್ಲಿ ಜಾರುವ ಮೇಣ ಹಚ್ಚಿರುತ್ತದೆ. ಒಂದೇ ಕಾಲಿನಿಂದ ಜೋರಾಗಿ ಒತ್ತಿದಾಗ ಬಿಲ್ಲು ಬಾಗಿ ನಡುಭಾಗ ಹಿಮವನ್ನು ಮುಟ್ಟುತ್ತದೆ. ಅಲ್ಲಿ ಕಚ್ಚುವ ಮೇಣ. ಹಿಮದ ಸ್ವಭಾವಕ್ಕೆ ತಕ್ಕಂತೆ ಈ ಮೇಣಗಳು ಬದಲಾಗಬೇಕು. ಹೊಸದಾಗಿ ಬಿದ್ದ ಒಣ ಹಿಮಕ್ಕೆ ಒಂದು, ಕರಗಿ ಮತ್ತೆ ಹೆಪ್ಪುಗಟ್ಟಿದ ಹರಳು ಹಿಮಕ್ಕೆ ಇನ್ನೊಂದು, ತೊಯ್ದ ಹಿಮಕ್ಕೆ ಅಂಟಿನಂತಹ ಮತ್ತೊಂದು. ಬೆಳಿಗ್ಗೆ ಆರಕ್ಕೆ ಸರಿಯಾಗಿದ್ದದ್ದು ಹತ್ತು ಗಂಟೆಗೆ ಕೆಟ್ಟಿರಬಹುದು. ದೊಡ್ಡ ದೇಶಗಳ ತಂಡಗಳು ಮೇಣ ಹಚ್ಚುವುದಕ್ಕೆಂದೇ ನುರಿತವರನ್ನೂ ಲಾರಿಯಷ್ಟು ದೊಡ್ಡ ಕಾರ್ಯಾಗಾರವನ್ನೂ ಜೊತೆಗೆ ಕರೆದೊಯ್ಯುತ್ತವೆ. ಸಣ್ಣ ತಂಡದ ಆಟಗಾರರ ಹಲಗೆಗೆ ಮೇಣ ಹಚ್ಚುವ ಕೈ ಹಲವು ಸಲ ಅವರದೇ. ಬಹಳ ಚೆನ್ನಾಗಿ ಜಾರಿಸುತ್ತಿದ್ದ ಫ್ಲೋರಿನ್ ಬೆರೆತ ಮೇಣಗಳನ್ನು, ಅವು ದೇಹಕ್ಕೂ ನೆಲಕ್ಕೂ ವಿಷವೆಂಬ ಕಾರಣಕ್ಕೆ, ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ನಿಷೇಧಿಸಿತು.

ಎರಡನೆಯ ನಡೆಗೆ ಸ್ವತಂತ್ರ ಶೈಲಿ ಎಂದು ಹೆಸರು. ಜಾಡನ್ನು ಬಿಟ್ಟು, ಹಲಗೆಗಳನ್ನು ಹೊರಮುಖವಾಗಿ ತೆರೆದು, ಅಂಚಿನಿಂದ ತಳ್ಳುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೇಲುವುದು. ಇದು ಹೆಚ್ಚು ವೇಗದ್ದು. ಅಮೆರಿಕದ ಬಿಲ್ ಕೋಕ್ 1982ರಲ್ಲಿ ಒಂದು ಕಾಲನ್ನು ಜಾಡಿನಲ್ಲೇ ಇಟ್ಟು ಇನ್ನೊಂದರಿಂದ ಹೀಗೆ ತಳ್ಳಿ ವಿಶ್ವಕಪ್ಪನ್ನೇ ಗೆದ್ದಾಗ ಹಳಬರು ಕೆರಳಿದರು. ಇದು ಸ್ಕೀಯಿಂಗೇ ಅಲ್ಲವೆಂದರು. ಛಂದಸ್ಸು ಸಡಿಲವಾದಾಗ ನಮ್ಮ ಸಾಹಿತ್ಯದಲ್ಲಿ ಎದ್ದ ಗದ್ದಲ ಕೇಳುಗರಿಗೆ ನೆನಪಾದೀತು. ಕೊನೆಗೆ ಒಕ್ಕೂಟ ಜಾಣತನದಿಂದ ಎರಡಕ್ಕೂ ಬೇರೆ ಬೇರೆ ಪಂದ್ಯಗಳನ್ನೇ ಏರ್ಪಡಿಸಿತು. ಭವಾನಿಯವರಿಗೆ ಪದಕ ಬಂದದ್ದು ಈ ಸ್ವತಂತ್ರ ಶೈಲಿಯ ಐದು ಕಿಲೋಮೀಟರಿನಲ್ಲಿ.

ಆ ಪಂದ್ಯದ ಕ್ರಮ ಇಂಟರ್ವಲ್ ಸ್ಟಾರ್ಟ್ ಎಂಬುದು. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಗದಿಯಾದ ಅಂತರದಲ್ಲಿ ಒಬ್ಬೊಬ್ಬರಾಗಿ ಬಿಡುತ್ತಾರೆ. ಆದ್ದರಿಂದ ಎದುರಾಳಿ ಕಣ್ಣಿಗೆ ಬೀಳಲೇಬೇಕೆಂದಿಲ್ಲ. ಓಟಗಾರ್ತಿಗೆ ಕೇಳಿಸುವುದು ಹಿಮದ ಮೇಲೆ ಹಲಗೆಯ ಸದ್ದು, ಊರುಗೋಲಿನ ಸದ್ದು, ತನ್ನದೇ ಉಸಿರು. ಕೈ, ಬೆನ್ನು, ಹೊಟ್ಟೆ, ತೊಡೆ ಎಲ್ಲವೂ ಒಮ್ಮೆಗೇ ದುಡಿಯುವುದರಿಂದ ಆಮ್ಲಜನಕವನ್ನು ಹೀರುವ ಶಕ್ತಿಯಲ್ಲಿ ಈ ಆಟಗಾರರನ್ನು ಮೀರಿಸುವವರು ಕ್ರೀಡಾಲೋಕದಲ್ಲಿ ವಿರಳ. ಗೆರೆ ದಾಟಿದೊಡನೆ ಗೆದ್ದವರೂ ಸೋತವರೂ ಒಂದೇ ರೀತಿ ಹಿಮದ ಮೇಲೆ ಉರುಳಿಬಿಡುವುದನ್ನು ನೋಡಿದರೆ, ಯಾರು ಗೆದ್ದರೆಂದು ಕೆಲಹೊತ್ತು ತಿಳಿಯುವುದೇ ಇಲ್ಲ.

ಇನ್ನು ಭವಾನಿಯವರ ಹಾದಿ. ಅವರು ಎಳವೆಯಲ್ಲಿ ಹಿಮ ಕಂಡವರಲ್ಲ. ಕೊಡಗಿನಲ್ಲಿ ಮಂಜುಂಟು, ಮಳೆಯುಂಟು, ಚಳಿಯೂ ಉಂಟು, ಹಿಮವಿಲ್ಲ. ಎನ್.ಸಿ.ಸಿ. ಅವರನ್ನು ಪರ್ವತಾರೋಹಣದ ಕಡೆಗೆ ಕರೆದೊಯ್ದಿತು. ಪರ್ವತಾರೋಹಣ ಹಿಮದ ಬಳಿಗೆ, ಹಿಮ ಸ್ಕೀಯ ಬಳಿಗೆ. ನಾರ್ವೆಯ ಮಕ್ಕಳು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹುಟ್ಟುತ್ತಾರೆಂಬ ಗಾದೆ ಆ ದೇಶದಲ್ಲಿದೆ. ಅಲ್ಲಿ ನಡಿಗೆಯೊಡನೆ ಬರುವ ವಿದ್ಯೆಯನ್ನು ನಮ್ಮವರು ದೊಡ್ಡವರಾದ ಮೇಲೆ, ಸಾವಿರಾರು ಮೈಲಿ ರೈಲಿನಲ್ಲಿ ಹೋಗಿ, ಕೆಲವು ವಾರಗಳ ಶಿಬಿರದಲ್ಲಿ ಕಲಿಯಬೇಕು. ದಕ್ಷಿಣದವರಿಗೆ ಈ ಆಟದ ಬಾಗಿಲು ತೆರೆಯುವುದು ಹೆಚ್ಚಾಗಿ ಇಂಥ ಬಳಸುದಾರಿಗಳಿಂದಲೇ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೊಡಗಿಗೂ ಕಾಶ್ಮೀರದ ಹಿಮಕ್ಕೂ ನಂಟು ಹೊಸದಲ್ಲ. 1948ರಲ್ಲಿ ಕಾಶ್ಮೀರದಲ್ಲಿದ್ದ 19ನೆಯ ಪದಾತಿ ಡಿವಿಷನ್ನಿನ ದಂಡನಾಯಕರಾಗಿದ್ದವರು ಮಡಿಕೇರಿಯ ಕೊಡಂದೇರ ತಿಮ್ಮಯ್ಯನವರು. ಆ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತಿರುವಂಥದ್ದು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಡಿವಿಷನ್ನಿನ ಸ್ಕೀ ಶಾಲೆಯೊಂದು ಗುಲ್ಮಾರ್ಗಿನಲ್ಲಿ ತೆರೆಯಿತು. ಮುಂದೆ ಬೆಳೆದು ಸೈನ್ಯದ ಎತ್ತರ ಪ್ರದೇಶದ ಯುದ್ಧಶಾಲೆಯಾದದ್ದು ಅದೇ. ಭಾರತದ ಸ್ಕೀಯಿಂಗಿನ ಬೇರು ಬಹುಮಟ್ಟಿಗೆ ಅಲ್ಲಿದೆ. ನಮ್ಮ ಒಳ್ಳೆಯ ಕ್ರಾಸ್ ಕಂಟ್ರಿ ಆಟಗಾರರಲ್ಲಿ ಅನೇಕರು ಸೈನಿಕರು ಅಥವಾ ಗಡಿಪಡೆಯವರು ಆಗಿರುವುದು ಆಕಸ್ಮಿಕವಲ್ಲ. ಅಂಥ ಗುಲ್ಮಾರ್ಗಿನಲ್ಲಿ, ಕರ್ನಾಟಕದ ಹೆಸರು ಹೊತ್ತು, ಲಡಾಖ್ ಹಿಮಾಚಲಗಳ ಹುಡುಗಿಯರ ನಡುವೆ ಕೊಡಗಿನ ಹೆಣ್ಣುಮಗಳೊಬ್ಬಳು ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ನಾರ್ಡಿಕ್ ಚಿನ್ನ ಗೆದ್ದಳು.

ಹಿಮದ ನಾಡಿಗೆ ಹೋದರೂ ಹಿಮ ಸಿಕ್ಕೇ ಸಿಗುವುದೆಂಬ ನಂಬಿಕೆಯಿಲ್ಲ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನಲ್ಲಿ ನಡೆಯಬೇಕಾಗಿದ್ದ ಆ ಕ್ರೀಡೆಗಳನ್ನು ಸಾಕಷ್ಟು ಹಿಮ ಬೀಳಲಿಲ್ಲವೆಂದು ಮಾರ್ಚಿಗೆ ಮುಂದೂಡಿದರು. ಮಳೆಯ ದಾರಿ ಕಾಯುವುದು ನಮಗೆ ಗೊತ್ತು. ಹಿಮದ ದಾರಿ ಕಾಯುವವರೂ ಇದ್ದಾರೆ. ಹಿಮವಿಲ್ಲದ ತಿಂಗಳುಗಳಲ್ಲಿ ಈ ಆಟಗಾರರು ಗಾಲಿ ಹಚ್ಚಿದ ಮೊಳದುದ್ದದ ಹಲಗೆಗಳನ್ನು ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ರೋಲರ್ ಸ್ಕೀ ಎಂದು ಅದರ ಹೆಸರು. ನಡೆ ಅದೇ, ಉಸಿರೂ ಅದೇ. ಆದರೆ ಬಿದ್ದರೆ ಸಿಗುವುದು ಹಿಮವಲ್ಲ, ಕಲ್ಲು. ಮೇಲಾಗಿ ಹಿಮದ ಮೇಲೆ ಹಲಗೆ ತೇಲುವಾಗ ಪಾದಕ್ಕೆ ತಿಳಿಯುವ ಆ ಸೂಕ್ಷ್ಮವನ್ನು ಡಾಂಬರು ಕಲಿಸಲಾರದು. ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು ಹೊಳೆಗೆ ಬಿದ್ದಾಗ ಮತ್ತೊಮ್ಮೆ ಕಲಿಯಬೇಕಾಗುತ್ತದೆಯಲ್ಲ, ಅದೇ ಪಾಡು.

2023ರಲ್ಲಿ ಸ್ಲೊವೇನಿಯದ ಪ್ಲಾನಿತ್ಸದಲ್ಲಿ ನಡೆದ ನಾರ್ಡಿಕ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭವಾನಿಯವರು ಭಾರತದ ಪರವಾಗಿ ಭಾಗವಹಿಸಿದರು. 2025ರ ಫೆಬ್ರವರಿಯಲ್ಲಿ ಚೀನದ ಹಾರ್ಬಿನ್ನಿನ ಏಷ್ಯನ್ ಚಳಿಗಾಲದ ಕ್ರೀಡಾಕೂಟಕ್ಕೂ ಹೋದರು. ಅದೇ ವರ್ಷ ಭೂಮಧ್ಯರೇಖೆಯನ್ನು ದಾಟಿ ಚಿಲಿಗೆ. ನಮಗೆ ಮಳೆಗಾಲವಾದಾಗ ಅಲ್ಲಿ ಚಳಿಗಾಲ. ಆದ್ದರಿಂದ ಉತ್ತರಾರ್ಧದ ಆಟಗಾರರು ಹಿಮವನ್ನು ಹುಡುಕಿಕೊಂಡು ದಕ್ಷಿಣಕ್ಕೆ ಹೋಗುತ್ತಾರೆ, ಕುರಿಗಾರರು ಮೇವನ್ನು ಹುಡುಕಿಕೊಂಡು ಹೋಗುವ ಹಾಗೆ. ಲೊಂಕಿಮಾಯ್ ಎಂಬ ಜ್ವಾಲಾಮುಖಿಯ ಇಳಿಜಾರಿನಲ್ಲಿರುವ ಕೊರಾಲ್ಕೊದಲ್ಲಿ ಅವರು ಐದು ಕಿಲೋಮೀಟರನ್ನು 21 ನಿಮಿಷ 4.9 ಸೆಕೆಂಡಿನಲ್ಲಿ ಮುಗಿಸಿ ಮೂರನೆಯವರಾದರು. ಒಕ್ಕೂಟದ ಮಾನ್ಯತೆಯುಳ್ಳ ಕ್ರಾಸ್ ಕಂಟ್ರಿ ಪಂದ್ಯವೊಂದರಲ್ಲಿ ಭಾರತದ ಮಹಿಳೆಯೊಬ್ಬರಿಗೆ ಪದಕ ದೊರೆತದ್ದು ಅದೇ ಮೊದಲು. ಆಲ್ಪೈನ್ ವಿಭಾಗದಲ್ಲಿ ಹಿಮಾಚಲದ ಆಂಚಲ್ ಠಾಕೂರ್ 2018ರಲ್ಲಿಯೇ ಟರ್ಕಿಯಲ್ಲಿ ಕಂಚು ಗೆದ್ದಿದ್ದರು. ಆದರೆ ಅವರು ಹಿಮದ ಮಡಿಲಲ್ಲಿ ಬೆಳೆದವರು.

ಈಗ ಕಂಚಿನ ತೂಕದ ಮಾತಿಗೆ ಬರೋಣ. ಸುದ್ದಿ ಬಂದ ದಿನ ಕೆಲವರು ಭವಾನಿಯವರು ಜಗತ್ತನ್ನೇ ಗೆದ್ದರೆಂಬಂತೆ ಹೊಗಳಿದರು. ಸಣ್ಣ ಪಂದ್ಯ, ಸಣ್ಣ ಕಣ ಎಂದು ಮೂಗು ಮುರಿದವರೂ ಇದ್ದರು. ಇಬ್ಬರೂ ಲೆಕ್ಕ ಹಾಕುವ ತೊಂದರೆ ತೆಗೆದುಕೊಳ್ಳಲಿಲ್ಲ. ಐದು ಕಿಲೋಮೀಟರಿಗೆ 21 ನಿಮಿಷವೆಂದರೆ ಕಿಲೋಮೀಟರಿಗೆ ಸುಮಾರು 4 ನಿಮಿಷ 13 ಸೆಕೆಂಡು. 2018ರಲ್ಲಿ ಕೊರಿಯದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ನಾರ್ವೆಯ ರಾಗ್ನ್‌ಹಿಲ್ಡ್ ಹಾಗ ಇದೇ ಶೈಲಿಯ ಹತ್ತು ಕಿಲೋಮೀಟರನ್ನು 25 ನಿಮಿಷ 0.5 ಸೆಕೆಂಡಿನಲ್ಲಿ ಗೆದ್ದರು. ಅಂದರೆ ಕಿಲೋಮೀಟರಿಗೆ ಎರಡೂವರೆ ನಿಮಿಷ. ಹಾದಿ ಬೇರೆ, ಏರು ಬೇರೆ, ಹಿಮ ಬೇರೆ. ಗಡಿಯಾರವನ್ನು ಗಡಿಯಾರಕ್ಕೆ ಹೋಲಿಸುವುದು ಈ ಆಟದಲ್ಲಿ ಪೂರ್ಣ ನ್ಯಾಯವಲ್ಲ. ಆದರೂ ಅಂತರ ದೊಡ್ಡದೆಂಬುದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ.

ಒಕ್ಕೂಟದವರು ಈ ಕಾರಣದಿಂದಲೇ ಸಮಯವನ್ನು ಬಿಟ್ಟು ಅಂಕಗಳ ಕ್ರಮವನ್ನು ಇಟ್ಟುಕೊಂಡಿದ್ದಾರೆ. ಅಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ಸಮಯ ಗೆದ್ದವರ ಸಮಯಕ್ಕಿಂತ ಎಷ್ಟು ಪಾಲು ಹೆಚ್ಚೋ ಆ ಪಾಲನ್ನು, ಒಬ್ಬೊಬ್ಬರಾಗಿ ಬಿಡುವ ಪಂದ್ಯಗಳಲ್ಲಿ, 800ರಿಂದ ಗುಣಿಸುತ್ತಾರೆ. ಗೆದ್ದವಳು 20 ನಿಮಿಷದಲ್ಲಿ ಬಂದು ಹಿಂದಿನವಳು 22ರಲ್ಲಿ ಬಂದರೆ ಹೆಚ್ಚಾದದ್ದು ಹತ್ತರಲ್ಲಿ ಒಂದು ಪಾಲು; ಅಂಕ 80. ಇಷ್ಟಕ್ಕೆ ಮುಗಿಯಲಿಲ್ಲ. ಆ ಕಣದಲ್ಲಿ ಬಲಿಷ್ಠರು ಕಡಿಮೆಯಿದ್ದರೆ ಪಂದ್ಯಕ್ಕೇ ಒಂದು ದಂಡವನ್ನು ಲೆಕ್ಕಹಾಕಿ ಎಲ್ಲರ ಅಂಕಕ್ಕೂ ಸೇರಿಸುತ್ತಾರೆ. ಹಾಗಾಗಿ ಸಣ್ಣ ಕಣದಲ್ಲಿ ಪದಕ ಬಂದರೂ ಅಂಕ ಭಾರವಾಗಬಹುದು. ದೊಡ್ಡ ಕಣದಲ್ಲಿ ಎಪ್ಪತ್ತನೆಯವಳಾಗಿ ಬಂದರೂ ಅಂಕ ಹಗುರವಾಗಬಹುದು. ಒಲಿಂಪಿಕ್ಸಿನ ಬಾಗಿಲಲ್ಲಿ ನೋಡುವುದು ಅಂಕವನ್ನು, ಪದಕವನ್ನಲ್ಲ. ಮೂಗು ಮುರಿದವರು ತಿಳಿಯಬೇಕಾದದ್ದು ಇನ್ನೊಂದಿದೆ: ಇಂಥ ಸಣ್ಣ ಪಂದ್ಯಗಳನ್ನು ಒಂದಾದ ಮೇಲೊಂದು ಓಡದೆ ಆ ಅಂಕ ಇಳಿಯುವುದೇ ಇಲ್ಲ. ಭವಾನಿಯವರು ಚಿಲಿಗೆ ಹೋದದ್ದು ವಿಹಾರಕ್ಕಲ್ಲ, ಪದಕಕ್ಕೂ ಮುಖ್ಯವಾಗಿ ಅಲ್ಲ ಎಂದು ನನ್ನ ಊಹೆ.

ಪುರುಷರ ವಿಭಾಗದಲ್ಲಿ ಭಾರತದ ಹಾದಿ ತುಸು ಮುಂಚೆ ತೆರೆದಿತ್ತು. 2006ರಲ್ಲಿ ಬಹಾದುರ್ ಗುಪ್ತ, 2010ರಲ್ಲಿ ತಾಶಿ ಲುಂದುಪ್, 2014ರಲ್ಲಿ ನದೀಮ್ ಇಕ್ಬಾಲ್, 2018ರಲ್ಲಿ ಜಗದೀಶ್ ಸಿಂಗ್ ಒಲಿಂಪಿಕ್ಸಿನ ಕ್ರಾಸ್ ಕಂಟ್ರಿ ಹಾದಿಯಲ್ಲಿ ಓಡಿದರು. ಜಗದೀಶ್ ಸಿಂಗರು ಪ್ಯೊಂಗ್‌ಚಾಂಗಿನಲ್ಲಿ ಹದಿನೈದು ಕಿಲೋಮೀಟರನ್ನು 43 ನಿಮಿಷ 0.3 ಸೆಕೆಂಡಿನಲ್ಲಿ ಮುಗಿಸಿ 103ನೆಯವರಾದರು. ಗೆದ್ದ ಸ್ವಿಟ್ಜರ್ಲೆಂಡಿನ ಡಾರಿಯೊ ಕೊಲೊನ್ಯ ಅವರದು 33 ನಿಮಿಷ 43.9 ಸೆಕೆಂಡು. ನೂರಮೂರನೆಯವನೆಂದು ನಗುವುದು ಸುಲಭ. ಪಟ್ಟಿಯಲ್ಲಿ ಅವರ ಕೆಳಗೂ ಹೆಸರುಗಳಿದ್ದವು ಎಂಬುದನ್ನು ನಗುವವರು ನೋಡಿರಲಿಕ್ಕಿಲ್ಲ.

ಮಹಿಳೆಯರಿಗೆ ಒಲಿಂಪಿಕ್ಸಿನಲ್ಲಿ ಈ ಆಟದ ಬಾಗಿಲು ತೆರೆದದ್ದೇ 1952ರಲ್ಲಿ, ಓಸ್ಲೊ ನಗರದಲ್ಲಿ. ಪುರುಷರು 1924ರಿಂದ ಓಡುತ್ತಿದ್ದರು. ಹತ್ತು ಕಿಲೋಮೀಟರಿನ ಆ ಒಂದೇ ಪಂದ್ಯವನ್ನು ಫಿನ್ಲೆಂಡಿನ ಲಿಡಿಯಾ ವಿಡೆಮನ್ ಗೆದ್ದರು. ಪುರುಷರಿಗೂ ಮಹಿಳೆಯರಿಗೂ ಸಮಾನ ದೂರ ಎಂಬ ನಿಯಮ ವಿಶ್ವಕಪ್ಪಿನಲ್ಲಿ ಬಂದದ್ದು 2022–23ರ ಋತುವಿನಲ್ಲಿ; 2026ರಲ್ಲಿ ಇಟಲಿಯ ಒಲಿಂಪಿಕ್ಸಿನಲ್ಲಿ ಮಹಿಳೆಯರು ಮೊದಲ ಬಾರಿಗೆ 50 ಕಿಲೋಮೀಟರ್ ಓಡಿದರು. ಆ ಇಟಲಿಗೆ ಭಾರತದಿಂದ ಹೋದ ಆಟಗಾರರು ಇಬ್ಬರೇ: ಆಲ್ಪೈನಿಗೆ ಕಾಶ್ಮೀರದ ಆರಿಫ್ ಖಾನ್, ಕ್ರಾಸ್ ಕಂಟ್ರಿಗೆ ಲಡಾಖಿನ ಸ್ಟಾನ್ಜಿನ್ ಲುಂದುಪ್. ಭವಾನಿಯವರ ಹೆಸರು ಇರಲಿಲ್ಲ. ಭಾರತದ ಯಾವ ಮಹಿಳೆಯೂ ಒಲಿಂಪಿಕ್ಸಿನ ಕ್ರಾಸ್ ಕಂಟ್ರಿ ಹಾದಿಯಲ್ಲಿ ಇದುವರೆಗೆ ಹೆಜ್ಜೆಯಿಟ್ಟಿಲ್ಲ.

ಮುಂದಿನ ಚಳಿಗಾಲದ ಒಲಿಂಪಿಕ್ಸು 2030ರಲ್ಲಿ, ಫ್ರಾನ್ಸಿನ ಆಲ್ಪ್ಸ್ ಸೀಮೆಯಲ್ಲಿ. ನಾಲ್ಕು ವರ್ಷ ಆಟಗಾರರಿಗೆ ದೀರ್ಘಕಾಲ. ಆದರೆ ಈ ಆಟ ಓಟದ ಆಟಗಳಂತೆ ಬೇಗ ಮುಪ್ಪು ತರುವುದಿಲ್ಲ. ನಾರ್ವೆಯ ಮಾರಿಟ್ ಬ್ಯೊರ್ಗನ್ ತಮ್ಮ ಹದಿನೈದನೆಯ ಒಲಿಂಪಿಕ್ ಪದಕವನ್ನು, ಅದರಲ್ಲಿ ಎಂಟನೆಯ ಚಿನ್ನವನ್ನು, ಮೂವತ್ತು ಕಿಲೋಮೀಟರಿನಲ್ಲಿ ಗೆದ್ದಾಗ ಅವರಿಗೆ 37 ವರ್ಷ. ಆ ಹೊತ್ತಿಗೆ ಒಂದು ಮಗುವಿನ ತಾಯಿ. ಅವರ ಬೆನ್ನಿಗೆ ಒಂದು ದೇಶವಿತ್ತು, ಹಿಮವಿತ್ತು, ಮೇಣದ ಲಾರಿಯಿತ್ತು ಎಂಬುದನ್ನು ಇಲ್ಲಿಯೇ ಸೇರಿಸಿಬಿಡಬೇಕು.

ಆ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಇಷ್ಟೆಲ್ಲವನ್ನೂ ಅವನಿಗೆ ಹೇಳಿದೆ. ಬಿಲ್ಲಿನಂಥ ಹಲಗೆಯನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಕಚ್ಚುವ ಮೇಣದ ಸಂಗತಿ ಅವನಿಗೆ ಬಹಳ ಹಿಡಿಸಿತು. ರೋಲರ್ ಸ್ಕೀಯ ಮಾತು ಬಂದಾಗ ಅವನು ಸುಮ್ಮನೆ ಬಾಗಿಲ ಕಡೆ ನೋಡಿ, “ಹಂಗಾದ್ರ ನಮ್ ರಸ್ತಾದ ಮ್ಯಾಗೂ ಕಲೀಬೌದಲ್ರೀ ಸರ?” ಎಂದ. ಹೊರಗೆ ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ಮೊದಲು ತಗ್ಗು ಮುಚ್ಚಿಸಬೇಕಪ್ಪಾ ಎಂದೆ.